ಮೈಚಳಿ ಬಿಡಿಸುವುದಕ್ಕೆ ಹೊದಿಕೆ ಎಳೆಯಬೇಡಿ

ಪ್ರಶ್ನೆ: ನನಗೆ 36 ವರ್ಷ. ಮನೆಗೆ ಜನ ಬಂದರೆ ಖುಷಿಪಡುವವಳು ನಾನು. ಐದು ತಿಂಗಳ ಹಿಂದೆ ಮನೆಯಲ್ಲಿ ಪಾರ್ಟಿ ಇಟ್ಟುಕೊಂಡಿದ್ದೆವು. ನನ್ನ ಆಫೀಸಿನವರು, ನಮ್ಮನೆಯವರ ಸ್ನೇಹಿತರು, ನನ್ನ ಕಾಲೇಜಿನ ಗೆಳತಿಯರು, ಅಕ್ಕಪಕ್ಕದವರು ಬಂದಿದ್ದರು. ಒಬ್ಬರಿಗೊಬ್ಬರ ಪರಿಚಯ ಇರಲಿಲ್ಲ. ಪಾರ್ಟಿ ಸಪ್ಪೆಯಾಗಬಾರದು ಅಂತ ಎಲ್ಲರನ್ನೂ ದುಂಡಗೆ ಕೂರಿಸಿ, ‘ನಿಮ್ಮ ಬಗ್ಗೆ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಹೇಳಿ’ ಅಂತ ಆಟ ಶುರು ಮಾಡಿದೆ. ನನ್ನ ಹಳೆಯ ಗೆಳತಿಯ ಸರದಿ ಬಂದಾಗ ‘ನನ್ನನ್ನು ಬಿಟ್ಟುಬಿಡಿ’ ಅಂದಳು. ಎಲ್ಲರೂ ‘ಹೇಳಿ, ಹೇಳಿ’ ಅಂತ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವಳು ಏನೋ ಒಂದು ಹೇಳಿ ನಕ್ಕಳು. ಹತ್ತು ನಿಮಿಷಕ್ಕೆ ಹೊರಟೇಹೋದಳು. ಅಲ್ಲಿಂದ ಈಚೆಗೆ ನನ್ನ ಮೆಸೇಜಿಗೆಲ್ಲ ಒಂದೊಂದೇ ಪದದ ಉತ್ತರ. ಬರುವ ತಿಂಗಳಿಗೆ ನಮ್ಮ ಮದುವೆಯಾಗಿ ಹತ್ತು ವರ್ಷ. ಮತ್ತೆ ಇಪ್ಪತ್ತು ಜನರನ್ನು ಕರೆಯಬೇಕು ಅಂತಿದ್ದೇವೆ. ‘ಈ ಸಲ ಆಟಗೀಟ ಬೇಡ, ದೊಡ್ಡವರಿಗೆ ಅದೆಲ್ಲ ಯಾಕೆ’ ಅಂತಾರೆ ನಮ್ಮನೆಯವರು. ಆಟ ಇಲ್ಲದಿದ್ದರೆ ಮೂಲೆಗೊಬ್ಬರು ಫೋನ್ ಹಿಡಿದು ಕೂರುತ್ತಾರೆ ಅನ್ನೋ ಭಯ ನನಗೆ. ಏನು ಮಾಡಲಿ?
– ಹೆಸರು ಬೇಡ

ಸಲಹೆ: ‘ನಾನೂ ತಟ್ಟಿದೆ’ ಅಂತ ಬರೆದಿದ್ದೀರಿ. ಅದನ್ನು ಬರೆಯದೆ ಬಿಟ್ಟಿದ್ದರೆ ನನಗೇನೂ ಗೊತ್ತಾಗುತ್ತಿರಲಿಲ್ಲ. ಬರೆದಿದ್ದೀರಿ ಅಂದರೆ ಐದು ತಿಂಗಳಿಂದ ಅದು ನಿಮ್ಮನ್ನು ಕೊರೆಯುತ್ತಿದೆ. ಹಾಗಾಗಿ ಆಟದ ಮಾತು ಆಮೇಲೆ. ಮೊದಲು ಗೆಳತಿಯ ವಿಷಯ.

ಮೆಸೇಜು ಮಾಡಿದ್ದು ಸಾಕು, ಫೋನ್ ಮಾಡಿ. ‘ಅವತ್ತು ನೀನು ಬೇಡ ಅಂದಾಗ ನಾನು ಎಲ್ಲರನ್ನೂ ಸುಮ್ಮನಿರಿಸಬೇಕಿತ್ತು. ಅದು ಬಿಟ್ಟು ನಾನೂ ಚಪ್ಪಾಳೆ ತಟ್ಟಿದೆ. ತಪ್ಪಾಯ್ತು ಕಣೇ’ ಅನ್ನಿ. ಅಷ್ಟೇ. ‘ಸುಮ್ನೆ ತಮಾಷೆಗೆ ಮಾಡಿದ್ದು’ ಅನ್ನೋ ಬಾಲ ಅಂಟಿಸಬೇಡಿ. ‘ನಿನಗೇನಾದರೂ ಬೇಜಾರಾಗಿದ್ದರೆ’ ಅಂತಲೂ ಬೇಡ. ಅವಳು ಯಾಕೆ ಎದ್ದುಹೋದಳು ಅಂತ ಕೆದಕಬೇಡಿ. ಅಂಥ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದಕ್ಕೇ ತಾನೇ ಅವಳು ಎದ್ದುಹೋಗಿದ್ದು? ಅದೇ ಫೋನಿನಲ್ಲಿ ಹೊಸ ಪಾರ್ಟಿಗೆ ಕರೆಯಲೂ ಬೇಡಿ. ಕರೆದರೆ, ಅಷ್ಟು ಹೊತ್ತು ಕೇಳಿದ ಕ್ಷಮೆಯೆಲ್ಲ ಪಾರ್ಟಿಗೆ ಕರೆಯುವುದಕ್ಕೆ ಹಾಕಿದ ಪೀಠಿಕೆ ಅನ್ನಿಸಿಬಿಡುತ್ತದೆ. ನಾಲ್ಕು ದಿನ ಬಿಟ್ಟು ಕರೆಯಿರಿ. ಬಂದರೆ ಸಂತೋಷ. ಬರದಿದ್ದರೆ ಇನ್ನೊಂದು ದಿನ ನೀವಿಬ್ಬರೇ ಕೂತು ಊಟ ಮಾಡಿ. ಅವಳ ಒಂದೊಂದು ಪದದ ಉತ್ತರಕ್ಕೆ ಕಾರಣ ಬೇರೆ ಏನಾದರೂ ಇರಬಹುದು, ಗೊತ್ತಿಲ್ಲ. ಇದ್ದರೂ ಈ ಕ್ಷಮೆ ಬಾಕಿ ನಿಮ್ಮದೇ.

ಇನ್ನು ಆಟ. ನಿಮ್ಮವರ ಮಾತಿನಲ್ಲಿ ಅರ್ಧ ಸರಿ ಇದೆ. ಅವತ್ತಿನಂಥ ಆಟ ಬೇಡವೇ ಬೇಡ. ಆದರೆ ‘ದೊಡ್ಡವರಿಗೆ ಯಾಕೆ’ ಅನ್ನೋದನ್ನು ನಾನು ಒಪ್ಪುವುದಿಲ್ಲ. ಮಕ್ಕಳು ‘ಆಟಕ್ಕೆ ಬರ್ತೀಯಾ’ ಅಂತ ನೇರವಾಗಿ ಕೇಳಿಬಿಡುತ್ತವೆ. ಗುರುತಿಲ್ಲದವರ ಹತ್ತಿರ ಹೋಗಿ ಮಾತಾಡಿಸುವುದಕ್ಕೆ ದೊಡ್ಡವರಿಗೆ ಏನಾದರೂ ಒಂದು ನೆಪ ಬೇಕು. 1925ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಸರ್ರಿಯಲಿಸ್ಟ್ ಕವಿಗಳು, ಕಲಾವಿದರು ಒಟ್ಟಿಗೆ ಕೂತು ಹಾಳೆ ಮಡಿಸಿ ಮಡಿಸಿ ಆಡುತ್ತಿದ್ದರು. ಒಬ್ಬ ಬರೆದದ್ದನ್ನು ಮುಚ್ಚಿ ಇನ್ನೊಬ್ಬನಿಗೆ ದಾಟಿಸುವ ಆಟ. ಗುಂಪಿನಲ್ಲಿ ಗುಟ್ಟಾಗಿ ‘ಮಾಫಿಯಾ’ ಆಗಿರುವವರು ಯಾರು ಅಂತ ಉಳಿದವರು ಪತ್ತೆಹಚ್ಚುವ, ಈಗ ಪಾರ್ಟಿಗಳಲ್ಲಿ ಆಡುವ ಮಾಫಿಯಾ ಆಟವನ್ನು 1980ರ ದಶಕದಲ್ಲಿ ಕಟ್ಟಿದ್ದು ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ಡಿಮಿಟ್ರಿ ಡೇವಿಡಾಫ್. ಇವರ್‍ಯಾರೂ ಮಕ್ಕಳಲ್ಲ ಅಂತ ನಿಮ್ಮವರಿಗೆ ಹೇಳಿ.

ಇಂಥ ಪರಿಚಯದ ಆಟಗಳಿಗೆ ಇಟ್ಟಿರುವ ಐಸ್ ಬ್ರೇಕರ್, ಅಂದರೆ ಮಂಜುಗಡ್ಡೆ ಒಡೆಯುವುದು ಅನ್ನುವ ಹೆಸರೇ ನನಗೆ ಅಷ್ಟು ಹಿಡಿಸುವುದಿಲ್ಲ. ಒಡೆಯೋದು, ಮುರಿಯೋದು. ನಾವು ‘ಮೈಚಳಿ ಬಿಡು’ ಅಂತೀವಿ, ಅಲ್ವಾ? ಚಳಿ ಬಿಡಬೇಕಾದರೆ ಮೈ ಬೆಚ್ಚಗಾಗಬೇಕು. ಅವತ್ತು ನೀವು ಮಾಡಿದ್ದು ಚಳಿಯಲ್ಲಿ ಕೂತವರ ಹೊದಿಕೆ ಎಳೆದ ಕೆಲಸ.

ದುಂಡಗೆ ಕೂರಿಸುವುದರ ಕಷ್ಟ ನನಗೂ ಗೊತ್ತು. ಒಂದು ಸಲ ಹೀಗೇ ಕೂರಿಸಿ ‘ನಿಮ್ಮ ಇಷ್ಟದ್ದು ಒಂದು ಹೇಳಿ’ ಅಂದರು. ನನ್ನ ಸರದಿ ಹನ್ನೆರಡನೆಯದು. ‘ನನಗೆ ಗಿಡ ಅಂದರೆ ತುಂಬಾ ಇಷ್ಟ’ ಅನ್ನೋ ಪುಟ್ಟ ವಾಕ್ಯವನ್ನು ಒಳಗೊಳಗೇ ಉರು ಹೊಡೆಯುತ್ತಾ ಕೂತಿದ್ದೆ. ಕೈಯಲ್ಲಿದ್ದ ಲೋಟ ಬೆವರಿಗೆ ಜಾರುತ್ತಿತ್ತು. ಪಕ್ಕದವರು ಏನೋ ಹೇಳಿದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಹೇಳಿದ್ದೇನು ಅಂತ ದೇವರಾಣೆಗೂ ಗೊತ್ತಿರಲಿಲ್ಲ. ನನ್ನ ಬಾಯಿಂದ ಬಂದದ್ದು ‘ನನಗೆ ಗಿಡ ಅಂದರೆ ತುಂಬಾ ಭಯ’. ಪಕ್ಕದವರು ಇಷ್ಟ ಬಿಟ್ಟು, ತನಗೆ ಪಾರಿವಾಳ ಅಂದರೆ ಭಯ ಅಂದಿದ್ದರಂತೆ. ಆ ಭಯ ನನ್ನ ವಾಕ್ಯಕ್ಕೆ ಬಂದು ಸೇರಿಕೊಂಡಿತ್ತು. 1973ರಲ್ಲಿ ಮಾಲ್ಕಮ್ ಬ್ರೆನರ್ ಅನ್ನುವ ಸಂಶೋಧಕ ಇದನ್ನೇ ಪರೀಕ್ಷೆ ಮಾಡಿ ತೋರಿಸಿದ. ಒಬ್ಬೊಬ್ಬರಾಗಿ ಓದುವ ಸುತ್ತಿನಲ್ಲಿ, ತಮ್ಮ ಸರದಿಗೆ ಸ್ವಲ್ಪ ಮುಂಚೆ ಬೇರೆಯವರು ಓದಿದ್ದು ಜನರ ನೆನಪಿನಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ಅಂದರೆ ಪರಿಚಯಕ್ಕೆ ಅಂತ ಇಟ್ಟ ಸುತ್ತಿನಲ್ಲಿ ಪಕ್ಕದವರ ಪರಿಚಯವೇ ಸರಿಯಾಗಿ ಆಗುವುದಿಲ್ಲ.

ಇನ್ನೊಂದು ಲೆಕ್ಕ ಇದೆ. ಮಾತುಕತೆಯ ಗುಂಪುಗಳನ್ನು ಗಮನಿಸಿದ ಸಂಶೋಧಕ ರಾಬಿನ್ ಡನ್‌ಬಾರ್ ಮತ್ತು ಜೊತೆಯವರು 1990ರ ದಶಕದಲ್ಲಿ ಹೇಳಿದ್ದು ಇದು: ಒಂದೇ ಹರಟೆಯಲ್ಲಿ ನಾಲ್ಕು ಜನ ಇರಬಹುದು, ಅದಕ್ಕಿಂತ ಜಾಸ್ತಿಯಾದರೆ ಹರಟೆ ತಾನಾಗಿ ಎರಡಾಗುತ್ತದೆ. ನಿಮ್ಮನೆಯಲ್ಲಿ ಇಪ್ಪತ್ತು ಜನ ಸೇರುತ್ತಾರೆ ಅಂದರೆ ಅದು ಐದು ಗುಂಪು. ಇಪ್ಪತ್ತು ಜನರನ್ನು ಒಂದೇ ಸುತ್ತಿಗೆ ಕೂರಿಸಿದರೆ ಅದು ವೇದಿಕೆ. ವೇದಿಕೆ ಹತ್ತುವ ಆಸೆ ಎಲ್ಲರಿಗೂ ಇರುವುದಿಲ್ಲ.

ಹಾಗಾದರೆ ಬಾಗಿಲಿಂದ ಶುರು ಮಾಡೋಣ. ಬಂದವರ ಕೈಗೆ ಒಂದು ಪೆನ್ನು, ಒಂದು ಹಾಳೆ ಕೊಡಿ. ಹಾಳೆಯಲ್ಲಿ ಹದಿನಾರು ಚೌಕ, ಒಂದೊಂದರಲ್ಲಿ ಒಂದೊಂದು ಸಾಲು. ಆ ಸಾಲು ಯಾರಿಗೆ ಹೊಂದುತ್ತದೋ ಅವರನ್ನು ಹುಡುಕಿ ಹೆಸರು ಬರೆಸಿಕೊಳ್ಳಬೇಕು. ಒಬ್ಬರ ಹೆಸರು ಒಂದೇ ಸಲ. ಬಿಂಗೋ ಅಂತಲೂ ಕರೆಯುತ್ತಾರೆ. ಆಟ ನಿಲ್ಲೋದೂ ಬೀಳೋದೂ ನೀವು ಬರೆಯುವ ಸಾಲಿನ ಮೇಲೆ. ‘ಹತ್ತು ದೇಶ ಸುತ್ತಿದವರು’, ‘ಮ್ಯಾರಥಾನ್ ಓಡಿದವರು’ ಅಂತ ಬರೆದರೆ ಕೆಲವರು ಬೀಗುತ್ತಾರೆ, ಉಳಿದವರು ಕುಗ್ಗುತ್ತಾರೆ. ‘ಅಲಾರಂ ಮೂರು ಸಲ ಮುಂದೂಡುವವರು’, ‘ಓದದ ಮೇಲ್ ಸಾವಿರ ದಾಟಿರುವವರು’, ‘ಎಡಗೈಯಲ್ಲಿ ಬರೆಯುವವರು’, ‘ಕನ್ನಡಕ ತಲೆ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದವರು’, ‘ತಾವು ತಂದ ಗಿಡವನ್ನು ತಾವೇ ಒಣಗಿಸಿದವರು’ ಅಂತ ಬರೆಯಿರಿ. ಇಂಥದ್ದಕ್ಕೆ ‘ನಾನೇ!’ ಅಂತ ಕೈ ಎತ್ತಲು ಯಾರಿಗೂ ನಾಚಿಕೆಯಿಲ್ಲ. ಒಪ್ಪಿಕೊಂಡ ತಕ್ಷಣ ಅದರ ಹಿಂದಿನ ಕತೆಯೂ ಹೊರಗೆ ಬರುತ್ತದೆ. ಇನ್ನೊಂದು ಕಿವಿಮಾತು: ಬರುವವರಲ್ಲಿ ತೀರಾ ಸಂಕೋಚದವರು ಯಾರು ಅಂತ ನಿಮಗೆ ಗೊತ್ತಿರುತ್ತದೆ. ಅವರಿಗೆ ಹೊಂದುವ ಒಂದು ಸಾಲು ಸೇರಿಸಿ. ಅವರು ಯಾರನ್ನೂ ಹುಡುಕಿಕೊಂಡು ಹೋಗಬೇಕಿಲ್ಲ, ಜನರೇ ಅವರನ್ನು ಹುಡುಕಿಕೊಂಡು ಬರುತ್ತಾರೆ.

ಎಲ್ಲರೂ ಬಂದ ಮೇಲೆ ನಾಲ್ಕು ನಾಲ್ಕು ಜನರ ಗುಂಪು ಮಾಡಿ. ಗುರುತಿದ್ದವರು ಒಂದೇ ಗುಂಪಿಗೆ ಬೀಳದ ಹಾಗೆ ಚೀಟಿ ಎತ್ತಿಸಿ. ನಾಲ್ವರಿಗೂ ಇರುವ ಮೂರು ಸಮಾನ ವಿಷಯ ಹುಡುಕಬೇಕು. ‘ಎಲ್ಲರ ಹತ್ತಿರಾನೂ ಫೋನ್ ಇದೆ’ ಅನ್ನೋ ಥರದ್ದು ನಡೆಯುವುದಿಲ್ಲ. ಎಂಟು ನಿಮಿಷ ಸಾಕು. ಕೊನೆಗೆ ಗುಂಪಿಗೊಬ್ಬರು ಎದ್ದು ಓದುತ್ತಾರೆ. ಮಾತು ಬೇಡದವರು ಗುಂಪಿನ ಹಿಂದೆ ಹಾಯಾಗಿ ಇರಬಹುದು. ತಮ್ಮ ಬಗ್ಗೆ ಮೂರು ಮಾತು ಹೇಳಿ, ಅದರಲ್ಲಿ ಸುಳ್ಳು ಯಾವುದು ಅಂತ ಉಳಿದವರಿಂದ ಊಹೆ ಮಾಡಿಸುವ ‘ಎರಡು ನಿಜ ಒಂದು ಸುಳ್ಳು’ ಆಟವನ್ನೂ ನಾಲ್ವರ ಗುಂಪಿನಲ್ಲೇ ಆಡಿಸಿ. ಹೀಗೊಂದು ಆಟ ಇದೆ ಅಂತ ಹಿಂದಿನ ದಿನವೇ ಎಲ್ಲರಿಗೂ ಹೇಳಿಬಿಡಿ. ಅಲ್ಲೇ ಕೂತು ಸುಳ್ಳು ಹೊಂದಿಸುವುದು ಕೆಲವರಿಗೆ ಭಾರೀ ಕಷ್ಟ.

ನನಗೆ ಎಲ್ಲಕ್ಕಿಂತ ಇಷ್ಟದ್ದು ಬರೆದು ಬಿಡಿಸುವ ಆಟ. ಪ್ಯಾರಿಸ್ಸಿನವರ ಹಾಳೆ ಮಡಿಸುವ ಆಟಕ್ಕೆ ದೂರದ ನೆಂಟ ಅನ್ನಿ. ಆರೇಳು ಜನ, ಆಳಿಗೊಂದು ಉದ್ದನೆಯ ಹಾಳೆ. ಪ್ರತಿಯೊಬ್ಬರೂ ಮೇಲ್ಗಡೆ ಒಂದು ವಾಕ್ಯ ಬರೆದು ಪಕ್ಕಕ್ಕೆ ದಾಟಿಸುತ್ತಾರೆ. ಪಕ್ಕದವರು ಅದನ್ನು ಓದಿ ಕೆಳಗೆ ಚಿತ್ರ ಬಿಡಿಸಿ, ವಾಕ್ಯ ಕಾಣದ ಹಾಗೆ ಮಡಿಸಿ ಮುಂದಕ್ಕೆ ಕೊಡುತ್ತಾರೆ. ಮುಂದಿನವರು ಚಿತ್ರ ಮಾತ್ರ ನೋಡಿ ವಾಕ್ಯ ಬರೆದು, ಚಿತ್ರವನ್ನು ಮಡಿಸುತ್ತಾರೆ. ಹೀಗೆ ಒಂದು ಸುತ್ತು. ಕೊನೆಗೆ ಹಾಳೆ ಬಿಚ್ಚಬೇಕು. ನಾನು ಆಡಿದಾಗ ‘ಬೆಕ್ಕು ಬಸ್ಸಿಗೆ ಕಾಯುತ್ತಿದೆ’ ಅಂತ ಶುರುವಾದದ್ದು ‘ಮೀಸೆಯ ಪೊಲೀಸ್ ಫ್ರಿಜ್ ಮುಂದೆ ಅಳುತ್ತಿದ್ದಾನೆ’ ಅಂತ ಮುಗಿದಿತ್ತು. ಬೆಕ್ಕಿನ ಮೀಸೆ ಪೊಲೀಸನಿಗೆ ಹೋಗಿದ್ದು, ಬಸ್ಸು ಫ್ರಿಜ್ ಆಗಿದ್ದು ಸರಿ. ಅಳು ಎಲ್ಲಿಂದ ಬಂತೋ ಯಾರಿಗೂ ಗೊತ್ತಾಗಲಿಲ್ಲ. ಈ ಆಟದಲ್ಲಿ ಒಂದು ಮಾತೂ ಆಡಬೇಕಿಲ್ಲ. ಚಿತ್ರ ಎಷ್ಟು ಕೆಟ್ಟದಾಗಿ ಬಿಡಿಸಿದರೆ ಅಷ್ಟು ಮಜಾ. ‘ನನಗೆ ಬಿಡಿಸೋಕೆ ಬರಲ್ಲ’ ಅನ್ನುವವರೇ ಇಲ್ಲಿ ಹೀರೋಗಳು.

ಊಟ ಆದ ಮೇಲೆ ಇನ್ನೂ ಹುರುಪಿದ್ದರೆ ಚೀಟಿ ಬುಟ್ಟಿ ಇಡಿ. ತಲೆಗೆ ಎರಡು ಚೀಟಿ, ಒಂದೊಂದರಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ವಸ್ತು ಅಥವಾ ವ್ಯಕ್ತಿ. ಎರಡು ತಂಡ, ಸರದಿಗೆ ಒಂದು ನಿಮಿಷ. ಮೊದಲ ಸುತ್ತಿನಲ್ಲಿ ಆ ಹೆಸರೊಂದನ್ನು ಬಿಟ್ಟು ಏನು ಬೇಕಾದರೂ ಮಾತಾಡಿ ವಿವರಿಸಬಹುದು. ಎರಡನೆಯದರಲ್ಲಿ ಒಂದೇ ಪದ. ಮೂರನೆಯದರಲ್ಲಿ ಬರೀ ನಟನೆ. ಚೀಟಿಗಳು ಮೂರೂ ಸುತ್ತಿಗೆ ಅವೇ. ಅದರಲ್ಲೇ ಇದರ ಜಾಣತನ ಇರೋದು. ನಟನೆ ಬರುವ ಹೊತ್ತಿಗೆ ಉತ್ತರಗಳೆಲ್ಲ ಎಲ್ಲರ ತಲೆಯಲ್ಲಿರುತ್ತವೆ. ಕೈ ಬೀಸಿದರೂ ಸಾಕು, ಯಾರೋ ಹೇಳಿಬಿಡುತ್ತಾರೆ. ಮಾಫಿಯಾ ಆಟವನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಏಳೆಂಟು ಜನವಾದರೂ ಬೇಕು, ಔಟಾದವರು ಸುಮ್ಮನೆ ಕೂರಬೇಕು, ಮುಖ ನೋಡಿ ಸುಳ್ಳು ಹೇಳಬೇಕು. ಹೊಸಬರಿಗೆ ಅದು ಮೊದಲ ಗಂಟೆಯ ಆಟ ಅಲ್ಲ.

‘ಟ್ರೂತ್ ಆರ್ ಡೇರ್’, ‘ನಾನು ಯಾವತ್ತೂ ಹೀಗೆ ಮಾಡಿಲ್ಲ’, ಫೋನಿನ ಫೋಟೊ ತೋರಿಸುವ ಆಟ, ಇವೆಲ್ಲ ನಿಮ್ಮ ಪಾರ್ಟಿಗೆ ಬೇಡ. ಆಫೀಸಿನವರು ಇರುತ್ತಾರೆ. ರಾತ್ರಿ ಬಾಯಿಬಿಟ್ಟ ಗುಟ್ಟು ಸೋಮವಾರ ಬೆಳಗ್ಗೆ ಎದುರಿನ ಕುರ್ಚಿಯಲ್ಲಿ ಕೂತಿರುತ್ತದೆ.

ಯಾರಾದರೂ ‘36 ಪ್ರಶ್ನೆ’ಗಳ ಪಟ್ಟಿ ಕಳಿಸಿ ಇದನ್ನು ಆಡಿಸಿ ಅನ್ನಬಹುದು. ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಜೊತೆಯವರು 1997ರಲ್ಲಿ ಪ್ರಕಟಿಸಿದ ಪಟ್ಟಿ ಅದು. ಪ್ರಶ್ನೆಗಳು ಚೆನ್ನಾಗಿವೆ. ಆದರೆ ಅವು ಇಬ್ಬರೇ ಎದುರುಬದುರು ಕೂತು ಮುಕ್ಕಾಲು ಗಂಟೆ ಮಾತಾಡುವುದಕ್ಕೆ ಮಾಡಿದವು. ಮೊದಲ ಪ್ರಶ್ನೆ, ‘ಜಗತ್ತಿನಲ್ಲಿ ಯಾರನ್ನು ಬೇಕಾದರೂ ಊಟಕ್ಕೆ ಕರೆಯಬಹುದಾದರೆ ಯಾರನ್ನು ಕರೆಯುತ್ತೀರಿ’ ಅನ್ನೋದು. ಮನಸ್ಸಿನ ತೀರಾ ಆಳದ ಪ್ರಶ್ನೆಗಳು ಕೊನೆಯ ಕಂತಿನಲ್ಲಿವೆ. ಒಬ್ಬರು ಹೇಳಿದರೆ ಇನ್ನೊಬ್ಬರೂ ಹೇಳುತ್ತಾರೆ, ಹಾಗೆ ಒಂದೊಂದೇ ಮೆಟ್ಟಿಲು ಇಳಿಯುವುದು. ನೀವು ಕೊನೆಯ ಮೆಟ್ಟಿಲಿನ ಪ್ರಶ್ನೆಯನ್ನು ಬಾಗಿಲಲ್ಲೇ ಕೇಳಿದ್ದಿರಿ, ಅದೂ ಅಷ್ಟೂ ಜನರ ಮುಂದೆ.

ಆಡದೆ ಇರುವವರಿಗೂ ಒಂದು ಜಾಗ ಇರಲಿ. ಅಂಕ ಬರೆಯುವವರು, ಚೀಟಿ ಹಂಚುವವರು, ಹಾಡು ಹಾಕುವವರು ಬೇಕಾಗುತ್ತದೆ. ‘ಆಡಲ್ವಾ? ಯಾಕೆ?’ ಅಂತ ಕೇಳಬೇಡಿ. ‘ಅಂಕ ಯಾರು ಬರೀತೀರಾ?’ ಅಂತ ಕೇಳಿ, ಆಡಲು ಮನಸ್ಸಿಲ್ಲದವರು ಥಟ್ಟನೆ ಕೈ ಎತ್ತುತ್ತಾರೆ. ಎಲ್ಲಾದರೂ ಮತ್ತೆ ‘ಹೇಳಿ, ಹೇಳಿ’ ಶುರುವಾದರೆ ‘ಸರಿ, ಮುಂದಿನವರು!’ ಅಂತ ದನಿ ಎತ್ತುವುದು ನಿಮ್ಮ ಕೆಲಸ. ಮನೆ ನಿಮ್ಮದು, ಬೇರೆ ಯಾರೂ ಅದನ್ನು ಮಾಡುವುದಿಲ್ಲ.

ಮೂಲೆಯಲ್ಲಿ ಇಬ್ಬರು ಆಟ ಬಿಟ್ಟು ಮಾತಿಗೆ ಕೂತರೆ ಎಳೆದು ತರಬೇಡಿ. ನೀವು ಆಟ ಇಟ್ಟಿದ್ದೇ ಅದಕ್ಕೆ. ಫೋನ್ ಹಿಡಿದವರನ್ನೂ ಐದು ನಿಮಿಷ ಬಿಡಿ, ಉಸಿರು ತಗೊಳ್ಳಲಿ. ಮೌನ ಕಂಡರೆ ಅತಿಥಿಗಳಿಗಿಂತ ನಿಮಗೇ ಜಾಸ್ತಿ ಗಾಬರಿ ಅಂತ ನನ್ನ ಅನುಮಾನ. ತಪ್ಪಾಗಿದ್ದರೆ ಬೈದು ಬರೆಯಿರಿ.

ಯಾವ ಆಟವಾದರೂ ಇಪ್ಪತ್ತು ನಿಮಿಷ, ‘ಇನ್ನೊಂದು ಸುತ್ತು’ ಅಂತ ಜನ ಕೇಳುತ್ತಿರುವಾಗಲೇ ನಿಲ್ಲಿಸಿ. ಟೈಮರನ್ನು ನಿಮ್ಮವರ ಕೈಗೆ ಕೊಡಿ. ಸಮಯಕ್ಕೆ ಸರಿಯಾಗಿ ಆಟ ನಿಲ್ಲಿಸುವುದಕ್ಕೆ, ಆಟಗೀಟ ಬೇಡ ಅಂದವರಿಗಿಂತ ಒಳ್ಳೆಯವರು ನಿಮಗೆ ಸಿಗುವುದಿಲ್ಲ.