ರಿಪೋರ್ಟಿನಲ್ಲಿ ಮೂರು ಹೆಣ್ಣು, ಒಂದು ಗಂಡು

ನನ್ನ ಹತ್ತಿರ ಸಲಹೆಗೆ ಬಂದ ಈ ದಂಪತಿಯ ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಹೆಂಡತಿಯನ್ನು ಸುಮಾ ಎನ್ನೋಣ, ಗಂಡನನ್ನು ಗಿರೀಶ. ಇರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ಗಿರೀಶರ ಅಪ್ಪ ಅಮ್ಮ ಅರಸೀಕೆರೆ ಕಡೆ, ತೆಂಗಿನ ತೋಟದ ಮನೆಯಲ್ಲಿದ್ದಾರೆ. ಇವರಿಗೆ ಎಂಟು ವರ್ಷದ ಮಗಳಿದ್ದಾಳೆ. ಅವಳಾದ ಮೇಲೆ ಎರಡು ಸಲ ಸುಮಾಗೆ ಗರ್ಭ ನಿಲ್ಲಲಿಲ್ಲ. ವಯಸ್ಸು ಮೂವತ್ತೆಂಟು ದಾಟಿತ್ತು. ಹಾಗಾಗಿ ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭದಲ್ಲಿಡುವ ಐವಿಎಫ್ ಚಿಕಿತ್ಸೆಗೆ ಹೋದರು.

ಗಂಡು ಬೇಕು ಅಂತ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದವರಲ್ಲ ಇವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓದುವವರು ಈ ಸಾಲಿಗೇ ತೀರ್ಪು ಕೊಟ್ಟು ಮುಗಿಸುತ್ತಾರೆ.

ಐವಿಎಫ್‌ನಲ್ಲಿ ಅಂಡಾಣುಗಳನ್ನು ಹೊರತೆಗೆದು, ಲ್ಯಾಬಿನಲ್ಲಿ ವೀರ್ಯಾಣು ಸೇರಿಸಿ, ಭ್ರೂಣವನ್ನು ಐದಾರು ದಿನ ಬೆಳೆಸುತ್ತಾರೆ. ಆಮೇಲೆ ಅದರ ಹೊರಪದರದಿಂದ ನಾಲ್ಕಾರು ಜೀವಕೋಶ ತೆಗೆದು ಕ್ರೋಮೊಸೋಮ್ ಸರಿಯಿದೆಯಾ ಅಂತ ಪರೀಕ್ಷೆಗೆ ಕಳಿಸುತ್ತಾರೆ. ಇದಕ್ಕೆ ಪಿಜಿಟಿ-ಎ ಅನ್ನುತ್ತಾರೆ. ಗರ್ಭ ಮೊದಲ ತಿಂಗಳುಗಳಲ್ಲೇ ಹೋಗುವುದಕ್ಕೆ ಕ್ರೋಮೊಸೋಮ್ ದೋಷ ದೊಡ್ಡ ಕಾರಣ, ತಾಯಿಯ ವಯಸ್ಸು ಏರಿದಂತೆ ಅದು ಜಾಸ್ತಿ. ಸುಮಾಗೆ ಡಾಕ್ಟರು ಪರೀಕ್ಷೆ ಬರೆದದ್ದು ಇದಕ್ಕಾಗಿಯೇ. ಆದರೆ ಅದೇ ಪರೀಕ್ಷೆಯಲ್ಲಿ ಎಕ್ಸ್, ವೈ ಕ್ರೋಮೊಸೋಮ್‌ಗಳೂ, ಅಂದರೆ ಭ್ರೂಣ ಹೆಣ್ಣೋ ಗಂಡೋ ಅನ್ನುವುದೂ ಕಾಣುತ್ತದೆ. ಭಾರತದಲ್ಲಿ ಅದನ್ನು ಹೇಳುವಂತಿಲ್ಲ. ಅಮೆರಿಕದ ಆ ಕ್ಲಿನಿಕ್ಕಿನ ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ತಿಳಿಯಬೇಕೇ, ಬೇಡವೇ? ಗಿರೀಶ ‘ತಿಳಿಯಬೇಕು’ ಎನ್ನುವುದಕ್ಕೆ ಟಿಕ್ ಹಾಕಿದರು. ಸುಮ್ನೆ ಕುತೂಹಲಕ್ಕೆ ಅಂದರು.

ರಿಪೋರ್ಟಿನಲ್ಲಿ ನಾಲ್ಕು ಭ್ರೂಣ ಸರಿಯಿದ್ದವು. ಮೂರು ಹೆಣ್ಣು, ಒಂದು ಗಂಡು. ಭ್ರೂಣ ಎಷ್ಟು ಚೆನ್ನಾಗಿ ಬೆಳೆದಿದೆ ಅಂತ ಲ್ಯಾಬಿನವರು ಗ್ರೇಡ್ ಕೊಡುತ್ತಾರೆ. ಹೆಣ್ಣುಗಳಲ್ಲಿ ಒಂದಕ್ಕೆ 5ಎಎ. ಗಂಡಿಗೆ 4ಬಿಬಿ. 4ಬಿಬಿಯಿಂದಲೂ ಮಕ್ಕಳಾಗುತ್ತವೆ, ಆದರೆ 5ಎಎ ನಿಲ್ಲುವ ಸಾಧ್ಯತೆ ಹೆಚ್ಚು. ಡಾಕ್ಟರು ‘ಮೊದಲು 5ಎಎ ಹಾಕೋಣ, ಆದರೆ ತೀರ್ಮಾನ ನಿಮ್ಮದು’ ಅಂದರು. ಜಗಳ ಶುರುವಾಗಿದ್ದು ಅಲ್ಲಿಂದ.

ವಿಡಿಯೊ ಕಾಲ್‌ನಲ್ಲಿ ಇಬ್ಬರೂ ಕೂತಾಗ ನನ್ನ ಮಿತಿ ಮೊದಲೇ ಹೇಳಿದೆ. ನಮ್ಮಲ್ಲಿ ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಅಂತ ಪತ್ತೆ ಮಾಡುವುದನ್ನು ನಿಷೇಧಿಸುವ 1994ರ ಕಾಯ್ದೆ ಇದೆ. 2003ರಲ್ಲಿ ತಿದ್ದುಪಡಿಯಾಗಿ ಗರ್ಭ ಕಟ್ಟುವ ಮೊದಲೇ ಆರಿಸುವುದೂ ಅಪರಾಧವಾಯಿತು. ಐವಿಎಫ್ ಕ್ಲಿನಿಕ್ಕುಗಳಿಗೆಂದೇ 2021ರಲ್ಲಿ ಬಂದ ಕಾಯ್ದೆಯಲ್ಲೂ ಇದೇ ನಿಷೇಧ. ಬ್ರಿಟನ್, ಕೆನಡಾದಲ್ಲೂ ಕಾಯಿಲೆಯ ಕಾರಣ ಬಿಟ್ಟು ಬೇರೆ ಕಾರಣಕ್ಕೆ ಆರಿಸುವಂತಿಲ್ಲ. ಅಮೆರಿಕದಲ್ಲಿ ಅಂಥ ರಾಷ್ಟ್ರೀಯ ಕಾನೂನು ಇಲ್ಲ. ‘ಗಂಡು ಆರಿಸಿಕೊಳ್ಳಲು ನನ್ನಿಂದ ಸಹಾಯ ಸಿಗುವುದಿಲ್ಲ. ನನ್ನ ಅಭಿಪ್ರಾಯ ಮುಚ್ಚಿಡುವುದೂ ಇಲ್ಲ. ಆದರೆ ನಿಮ್ಮ ಬದುಕಿನ ತೀರ್ಮಾನ ನಾನು ಮಾಡುವುದಿಲ್ಲ’ ಅಂದೆ. ಇಬ್ಬರೂ ತಲೆಯಾಡಿಸಿದರು.

ಗಿರೀಶರ ವಾದ ತಳ್ಳಿಹಾಕುವಂಥದ್ದಾಗಿರಲಿಲ್ಲ. ‘ಮಂಡ್ಯದಲ್ಲಿ ಆಲೆಮನೆಯಲ್ಲಿ ಸ್ಕ್ಯಾನ್ ಮಾಡಿಸ್ತಿದ್ರಲ್ಲ, ನಾವು ಅಂಥವರಲ್ಲ ಮೇಡಂ. ನಾವು ಯಾರನ್ನೂ ಕೊಲ್ತಿಲ್ಲ. ನಾಲ್ಕೂ ನಮ್ಮವೇ. ಒಂದನ್ನ ಹೇಗಿದ್ರೂ ಮೊದಲು ಆರಿಸಲೇಬೇಕು. ಮಗಳು ನನ್ನ ಪ್ರಾಣ. ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ ಅಂತಾರಲ್ಲ, ಅಷ್ಟೇ ಕೇಳ್ತಿರೋದು. ಇದರಲ್ಲಿ ಯಾರಿಗೆ ನಷ್ಟ ಹೇಳಿ?’

2023ರಲ್ಲಿ ಪೊಲೀಸರು ಬಯಲಿಗೆಳೆದ ಆ ಆಲೆಮನೆ ಪ್ರಕರಣಕ್ಕೂ ಇದಕ್ಕೂ ವ್ಯತ್ಯಾಸ ಇದೆ, ಇಲ್ಲ ಅನ್ನುವುದು ಸುಳ್ಳಾಗುತ್ತದೆ. ಅಲ್ಲಿ ಕದ್ದುಮುಚ್ಚಿ ಸ್ಕ್ಯಾನ್ ಮಾಡಿಸಿ, ಹೆಣ್ಣು ಅಂತ ಗೊತ್ತಾದರೆ ತೆಗೆಸುತ್ತಿದ್ದರು, ಹೆಂಗಸರ ಜೀವವನ್ನೇ ಒತ್ತೆ ಇಟ್ಟು. ಇಲ್ಲಿರುವುದು ಲ್ಯಾಬಿನ ಐದು ದಿನದ ಭ್ರೂಣ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಎದುರು ಕೂತವರು ಕಿವಿ ಮುಚ್ಚಿಕೊಳ್ಳುತ್ತಾರೆ. ನಾನು ಹಾಗೆ ಮಾಡಲಿಲ್ಲ.

ಆದರೆ ‘ಅಷ್ಟೇ ಕೇಳ್ತಿರೋದು’ ಎಂಬ ಮಾತು ಒಬ್ಬರದೇ ಆಸೆಯಲ್ಲ. ಅಮೆರಿಕದ 2000ದ ಜನಗಣತಿಯನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ್ದರು. ಭಾರತ, ಚೀನಾ, ಕೊರಿಯಾ ಮೂಲದ ಕುಟುಂಬಗಳಲ್ಲಿ ಮೊದಲ ಮಗುವಿನಲ್ಲಿ ಗಂಡು ಹೆಣ್ಣಿನ ಲೆಕ್ಕ ಸಹಜವಾಗಿತ್ತು. ಮೊದಲ ಎರಡೂ ಹೆಣ್ಣಾದ ಮನೆಗಳಲ್ಲಿ ಮೂರನೆಯದಕ್ಕೆ ಬಂದರೆ ಗಂಡು ಹೆಣ್ಣಿನ ಒಂದೂವರೆ ಪಟ್ಟು. ವರದಕ್ಷಿಣೆ, ಜಮೀನು, ಪಿಂಚಣಿ ಇಲ್ಲದ ಮುಪ್ಪು, ಇವೆಲ್ಲ ಇಲ್ಲಿನ ಕಾರಣಗಳು. ಡಾಲರ್ ಸಂಬಳದ ಮನೆಗೂ ಅವು ಹೇಗೆ ಹೋದವು? ಗಿರೀಶರಿಗೆ ಈ ಲೆಕ್ಕ ಹೇಳಿ, ‘ಪ್ರತಿ ಮನೆಯವರೂ ಹೆಣ್ಣಿನ ಜೊತೆ ಒಂದು ಗಂಡೂ ಇದ್ದರೆ ಬ್ಯಾಲೆನ್ಸ್ ಅಂತಲೇ ಹೇಳಿರುತ್ತಾರೆ ಅಲ್ವಾ?’ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಆಮೇಲೆ ಇಬ್ಬರನ್ನೂ ಬೇರೆ ಬೇರೆ ಮಾತಾಡಿಸಿದೆ. ಇಂಥ ವಿಷಯದಲ್ಲಿ ಜೊತೆಗೆ ಕೂರಿಸಿಯೇ ಮುಗಿಸಬಾರದು, ಹೆಂಡತಿಯ ಮಾತು ಹೊರಬರುವುದೇ ಇಲ್ಲ.

ಸುಮಾ ಹೇಳಿದ್ದು ಇಷ್ಟು: ‘ಹೊಟ್ಟೆಗೆ ಇಂಜೆಕ್ಷನ್ ನಾನೇ ಚುಚ್ಕೊಂಡಿದ್ದು ಮೇಡಂ. ಹೊಟ್ಟೆ ತುಂಬಾ ನೀಲಿ ಕಲೆ. ಚೆನ್ನಾಗಿರೋದನ್ನ ಬಿಟ್ಟು ಇನ್ನೊಂದನ್ನ ಹಾಕಿಸ್ಕೊಂಡು ಅದೂ ನಿಲ್ಲದಿದ್ರೆ? ಇನ್ನೊಂದು ಸಲ ನನ್ನ ಕೈಲಾಗಲ್ಲ. ಇವರಿಗೆ ಅದು ಸಾಧ್ಯತೆ, ನನಗೆ ಅದು ರಕ್ತ.’ ಮಗಳ ವಿಷಯವನ್ನೂ ಹೇಳಿದರು. ಅಡುಗೆಮನೆಯಲ್ಲಿ ಇವರಿಬ್ಬರ ಮಾತು ಕೇಳಿಸಿಕೊಂಡ ಹುಡುಗಿ ರಾತ್ರಿ ಮಲಗುವಾಗ ‘ನಾನು ಹುಟ್ಟೋ ಮೊದಲು ನೀವು ಬಾಯ್ ಬೇಕು ಅಂದಿದ್ರಾ?’ ಅಂತ ಕೇಳಿದ್ದಾಳೆ. ಸುಮಾ ಇದನ್ನು ಗಂಡನಿಗೆ ಹೇಳಿರಲಿಲ್ಲ.

ಗಿರೀಶ ಮೊದಲು ಬ್ಯಾಲೆನ್ಸ್ ಅಂದರು. ಆಮೇಲೆ ‘ಅಮ್ಮ’ ಅಂದರು. ಪ್ರತಿ ಭಾನುವಾರ ಫೋನು. ವಂಶ, ತೋಟ, ಕೊಳ್ಳಿ ಇಡೋಕೆ ಒಬ್ಬ ಬೇಡ್ವಾ ಅನ್ನುವ ಮಾತು. ಅಪ್ಪನಿಗೆ ಹೋದ ವರ್ಷ ಬೈಪಾಸ್ ಆಗಿತ್ತು. ನಾನು ಎರಡೇ ಪ್ರಶ್ನೆ ಕೇಳಿದೆ. ಈಗ ತೋಟ ಯಾರು ನೋಡಿಕೊಳ್ಳುತ್ತಿದ್ದಾರೆ? ಬೈಪಾಸ್ ಆದಾಗ ಆಸ್ಪತ್ರೆಯಲ್ಲಿ ರಾತ್ರಿ ಯಾರಿದ್ದರು?

ಎರಡಕ್ಕೂ ಉತ್ತರ ಒಂದೇ. ಹಾಸನದಲ್ಲಿರುವ ತಂಗಿ ಮತ್ತು ಅವಳ ಗಂಡ. ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಾನು ಅಲ್ಲಿಲ್ಲವಲ್ಲ ಮೇಡಂ. ಮೊಮ್ಮಗನಾದ್ರೂ ಆದ್ರೆ ಅವರಿಗೆ ಒಂದು ಸಮಾಧಾನ’ ಅಂದರು.

ಈ ಪ್ರಕರಣದ ಗಂಟು ಇದೇ ಅಂತ ನನ್ನ ಎಣಿಕೆ. ದೂರ ಇರುವ ಮಗ, ತಾನು ಹತ್ತಿರ ಇಲ್ಲದ ಕೊರತೆಯನ್ನು ಇನ್ನೂ ಹುಟ್ಟದ ಒಬ್ಬ ಹುಡುಗನಿಂದ ತೀರಿಸಲು ಹೊರಟಿದ್ದಾರೆ. ಟೆಕ್ಸಾಸ್‌ನಲ್ಲಿ ಬೆಳೆಯುವ ಆ ಹುಡುಗ ಅರಸೀಕೆರೆಯ ತೆಂಗಿನ ಮರಕ್ಕೆ ನೀರು ಬಿಡುತ್ತಾನಾ? ಹುಟ್ಟುವ ಮೊದಲೇ ಅವನ ತಲೆ ಮೇಲೆ ಅಪ್ಪನ ಸಾಲ. ಗಂಡು ಮಗುವನ್ನು ಆರಿಸುವುದರಿಂದ ಹೆಣ್ಣಿಗೆ ಅನ್ಯಾಯ ಅನ್ನುತ್ತೇವೆ, ಸರಿ. ಆರಿಸಿಕೊಂಡ ಗಂಡಿಗೂ ಅನ್ಯಾಯವೇ ಅಂತ ಯಾರೂ ಹೇಳುವುದಿಲ್ಲ. ಅವನು ಹೀಗಿರಬೇಕು, ಹಾಗಿರಬೇಕು ಅಂತ ಪಟ್ಟಿ ಸಿದ್ಧವಾಗಿಯೇ ಇರುತ್ತದೆ.

ಕೊಟ್ಟ ಸಲಹೆ ಹೀಗಿತ್ತು. ಮೊದಲನೆಯದಾಗಿ, ಗರ್ಭ ಹೊರುವುದು ಸುಮಾ, ಹಾಗಾಗಿ ಯಾವ ಭ್ರೂಣ ಅನ್ನುವುದರಲ್ಲಿ ಕೊನೆಯ ಮಾತು ಅವರದು. 4ಬಿಬಿ ಬೇಡ ಅಂದರೆ ಅಲ್ಲಿಗೆ ಮುಗಿಯಿತು. ನನ್ನ ಅಭಿಪ್ರಾಯವನ್ನೂ ಹೇಳಿದೆ: ಆಯ್ಕೆಯನ್ನು ಡಾಕ್ಟರಿಗೆ ಬಿಡಿ, ಗ್ರೇಡ್ ನೋಡಿ ಅವರು ಹಾಕಲಿ. ಗಿರೀಶರಿಗೆ ಒಂದು ಪ್ರಶ್ನೆ ಬರೆದುಕೊಳ್ಳಲು ಹೇಳಿದೆ. ಗಂಡು ಭ್ರೂಣ ನಿಲ್ಲದೆ ಆಮೇಲೆ ಹೆಣ್ಣು ಹಾಕಿಸಿಕೊಂಡು ಅವಳು ಹುಟ್ಟಿದರೆ, ಅವಳನ್ನು ಎತ್ತಿಕೊಳ್ಳುವಾಗ ನಿಮ್ಮ ಮನಸ್ಸಿನಲ್ಲಿ ಏನಿರುತ್ತದೆ? ಉತ್ತರ ನನಗೆ ಬೇಡ, ನೀವೇ ಇಟ್ಟುಕೊಳ್ಳಿ.

ಊರಿಗೆ ರಿಪೋರ್ಟಿನ ಸುದ್ದಿ ಹೋಗಕೂಡದು. ಅತ್ತೆಗೆ ಉತ್ತರ ಕೊಡುವ ಕೆಲಸ ಸೊಸೆಯದಲ್ಲ, ಮಗನದು. ಏನು ಹೇಳಬೇಕು ಅಂತ ಗಿರೀಶ ಕೇಳಿದರು. ಈ ಮಾತು ಬಾಯಿಪಾಠ ಮಾಡಿಸಿದೆ: ‘ಅಮ್ಮಾ, ಯಾವುದು ಗಟ್ಟಿಯಿದೆಯೋ ಅದನ್ನ ಡಾಕ್ಟರು ಹಾಕ್ತಾರೆ. ಗಂಡೋ ಹೆಣ್ಣೋ ಅಂತ ಇನ್ಮೇಲೆ ಸುಮಾನ ಕೇಳ್ಬೇಡ, ನನ್ನ ಕೇಳು.’ ಇಷ್ಟು ಹೇಳಿ ವಿಷಯ ಬದಲಿಸಬೇಕು, ವಾದಕ್ಕೆ ಇಳಿಯಬಾರದು.

ಮಗಳಿಗೆ ಅಪ್ಪನೇ ಉತ್ತರಿಸಬೇಕು ಅಂದೆ. ‘ಹೌದು ಪುಟ್ಟಿ, ಅಜ್ಜಿಗೆ ಹುಡುಗ ಬೇಕು ಅನ್ನೋ ಆಸೆ ಇತ್ತು. ನೀನು ಬಂದಾಗ ನಾನು ಕುಣಿದಿದ್ದೆ’ ಅಂತ ನಿಜ ಹೇಳಿ. ಯಾರೂ ಹಾಗೆ ಅಂದೇ ಇಲ್ಲ ಅಂದರೆ ಅವಳು ನಂಬುವುದಿಲ್ಲ, ಕೇಳಿಸಿಕೊಂಡಾಗಿದೆ. ಇನ್ನು ಅಪ್ಪ ಅಮ್ಮನ ಚಿಂತೆಗೆ ಮದ್ದು ಬೇರೆಯೇ ಇದೆ. ತಂಗಿಯ ಜೊತೆ ಕೂತು ಖರ್ಚು, ಓಡಾಟ ಹಂಚಿಕೊಳ್ಳಿ. ವರ್ಷಕ್ಕೊಮ್ಮೆ ಬರುವುದನ್ನು ಎರಡು ಸಲ ಮಾಡಿ. ತಂದೆತಾಯಿಯನ್ನು ನೋಡಿಕೊಳ್ಳುವ ಹೊಣೆ ಮಗನಷ್ಟೇ ಮಗಳಿಗೂ ಇದೆ ಅಂತ 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ, ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ತೋಟದ ಮಾತು ಬಂದಾಗ ತಂಗಿಯ ಪಾಲಿನ ಮಾತೂ ಬರಲಿ. (ಇದಕ್ಕೆ ಗಿರೀಶರ ಮುಖ ಸ್ವಲ್ಪ ಬಿಗಿಯಾಯಿತು.)

ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದಿರುವುದು), ಡುಷೆನ್ (ಸ್ನಾಯುಗಳು ಸವೆಯುವುದು) ಥರದ, ಹೆಚ್ಚಾಗಿ ಗಂಡು ಮಕ್ಕಳಿಗೇ ಬರುವ ಆನುವಂಶಿಕ ಕಾಯಿಲೆ ಮನೆತನದಲ್ಲಿ ಇದ್ದರೆ ಮಾತೇ ಬೇರೆ. ಅಂಥ ಕಾಯಿಲೆ ಪತ್ತೆಗೆ ನಮ್ಮ ಕಾಯ್ದೆಯಲ್ಲೂ ಅವಕಾಶ ಇದೆ, ಜೆನೆಟಿಕ್ ತಜ್ಞರನ್ನು ನೋಡಬೇಕು. ಇನ್ನು ಇಲ್ಲೇ ಇದ್ದು, ಸ್ಕ್ಯಾನ್ ಮಾಡಿಸಿಕೋ ಅಂತ ಮನೆಯವರು ಒತ್ತಾಯಿಸುತ್ತಿದ್ದರೆ ಹೆಂಗಸರು ಹೆದರಿ ಸುಮ್ಮನಿರಬೇಕಿಲ್ಲ. ಗಂಡ, ಮನೆಯವರು ಬಲವಂತ ಮಾಡಿದ್ದಾರೆ ಅಂತಲೇ ಕಾನೂನು ಮೊದಲು ಭಾವಿಸುತ್ತದೆ. ಬಲವಂತಕ್ಕೆ ಒಳಗಾದವಳಿಗೆ ಶಿಕ್ಷೆ ಇಲ್ಲ. ಮಾಡಿಸಿದವರಿಗೆ ಮೂರು ವರ್ಷದವರೆಗೆ ಜೈಲು.

ಸುಮಾಗೆ 5ಎಎ ಹಾಕಿದರು. ಗಿರೀಶ ಪೂರ್ತಿ ಮನಸ್ಸಿನಿಂದ ಒಪ್ಪಿದ್ದಲ್ಲ, ಅದನ್ನು ಅವರೇ ಹೇಳುತ್ತಾರೆ. ಈಗ ಐದನೇ ತಿಂಗಳು. ಅತ್ತೆ ಭಾನುವಾರ ಮಗನಿಗೆ ಮಾತ್ರ ಫೋನ್ ಮಾಡುತ್ತಾರೆ, ಸುಮಾ ಇದಕ್ಕೆ ಬೇಜಾರು ಮಾಡಿಕೊಂಡಿಲ್ಲ. ಜಗಳ ಉಳಿದಿರುವುದು ಫ್ರೀಜರಿನಲ್ಲಿರುವ ಮೂರು ಭ್ರೂಣಗಳದು. ಕ್ಲಿನಿಕ್ಕಿನವರು ವರ್ಷವರ್ಷ ಇಟ್ಟುಕೊಳ್ಳುವ ಬಾಬ್ತು ದುಡ್ಡು ಕೇಳುತ್ತಾರೆ. ಇನ್ನು ಮಕ್ಕಳು ಸಾಕು ಅಂತ ಸುಮಾ. ಒಂದನ್ನಾದರೂ ಇಟ್ಟುಕೊಂಡಿರೋಣ ಅಂತ ಗಿರೀಶ, ಯಾವುದು ಅಂತ ಇನ್ನೂ ಬಾಯಿಬಿಟ್ಟಿಲ್ಲ. ಅದಕ್ಕೆಂದೇ ಮುಂದಿನ ತಿಂಗಳು ಸಮಯ ಕೇಳಿದ್ದಾರೆ.