ಓದುಗರ ಪ್ರಶ್ನೆ: ಕರಾಟೆ ಕ್ಲಾಸಿನ ನೋವು, ಬಿಸಿಲು, ಬೆಲ್ಟು

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಭಾಗದ ಕರಾಟೆ ಕ್ಲಾಸುಗಳ ಮಕ್ಕಳು ಮತ್ತು ಪೋಷಕರು ಕೇಳಿದ ಪ್ರಶ್ನೆಗಳು.

ನಮ್ಮ ಕ್ಲಾಸ್ ನಡೆಯೋ ಹಾಲ್‌ನಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು. ಬರಿಗಾಲಲ್ಲಿ ಸ್ಕಿಪ್ಪಿಂಗ್, ಜಿಗಿತ ಎಲ್ಲ ಅಲ್ಲೇ. ಈಗ ಮೊಣಕಾಲ ಕೆಳಗಿನ ಎಲುಬು ನೋಯ್ತದ. ಸೀನಿಯರ್‌ಗಳು 'ರೂಢಿ ಆಗ್ತದ, ಮಾಡ್ತಾ ಇರು' ಅಂತಾರೆ. ಹೌದೇನ್ರಿ?
– ಒಂಬತ್ತನೇ ತರಗತಿ ವಿದ್ಯಾರ್ಥಿ, ಕಲಬುರಗಿ

ಮಾಂಸಖಂಡದ ನೋವು ರೂಢಿಯಾಗುತ್ತದೆ ತಮ್ಮಾ, ಎಲುಬಿನ ನೋವು ರೂಢಿಯಾಗುವುದಿಲ್ಲ. ಹೊಸ ವ್ಯಾಯಾಮದಿಂದ ಬರುವ ಮೈಕೈ ನೋವು ಮರುದಿನ ಶುರುವಾಗಿ ಎರಡು ಮೂರು ದಿನದಲ್ಲಿ ತಾನೇ ಇಳಿಯುತ್ತದೆ. ತೊಡೆ, ಮೀನಖಂಡದಂಥ ಜಾಗದಲ್ಲಿರುತ್ತದೆ. ನಿನ್ನದು ಬೇರೆ. ಕೂತುಕೊಂಡು ಆ ಎಲುಬಿನ ಒಳಂಚನ್ನು ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಒತ್ತುತ್ತ ಹೋಗು. ಮೂರು ನಾಲ್ಕು ಬೆರಳಗಲ ಅಥವಾ ಅದಕ್ಕೂ ಹೆಚ್ಚು ಉದ್ದಕ್ಕೆ ನೋವಿದ್ದರೆ ಎಲುಬಿಗೆ ಅಂಟಿದ ಭಾಗ ಕೆರಳಿದೆ ಎಂದರ್ಥ. ಎರಡು ಮೂರು ವಾರ ಓಟ, ಜಿಗಿತ, ಸ್ಕಿಪ್ಪಿಂಗ್ ನಿಲ್ಲಿಸು. ನಿಲುವು, ಕೈ ಅಭ್ಯಾಸ ನಡೆಯಲಿ. ಹಾಗಲ್ಲದೆ ಬೆರಳ ತುದಿಯಷ್ಟೇ ಜಾಗದಲ್ಲಿ ಒತ್ತಿದರೆ ಜೀವ ಹೋದಂತಾಗುತ್ತಿದ್ದರೆ, ನಡೆಯುವಾಗಲೂ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಎಲುಬಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ಕ್ಲಾಸ್ ಪೂರ್ತಿ ಬಿಟ್ಟು ಎಲುಬಿನ ಡಾಕ್ಟರಿಗೆ ತೋರಿಸಬೇಕು. ಈ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ ಎಕ್ಸ್‌ರೇ ಸರಿ ಬಂತೆಂದು ಮರುದಿನವೇ ಜಿಗಿಯಬೇಡ.

ಶಹಾಬಾದ್ ಕಲ್ಲು ನಮ್ಮ ಸೆಕೆಗೆ ತಂಪು, ತೊಳೆಯಲು ಸಲೀಸು. ಆದರೆ ಚೂರೂ ತಗ್ಗದ ನೆಲ. ಹಾರಿ ಇಳಿದ ಪೆಟ್ಟನ್ನು ಅದು ಹೀರುವುದಿಲ್ಲ, ಹಿಮ್ಮಡಿ ಮತ್ತು ಎಲುಬೇ ತಿನ್ನಬೇಕು. ಕಲ್ಲಿನ ಮೇಲೆ ಕಟಾ (ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಸರಣಿ) ಮತ್ತು ನಿಲುವು ಮಾಡಲು ಅಡ್ಡಿಯಿಲ್ಲ. ಸ್ಕಿಪ್ಪಿಂಗ್ ಬೂಟು ಹಾಕಿಕೊಂಡು ಹೊರಗೆ ಮಣ್ಣಿನಲ್ಲಿ ಮಾಡಿ. ಜಿಗಿದು ಒದೆಯುವುದಿದ್ದರೆ ಮ್ಯಾಟ್ ಬೇಕೇ ಬೇಕು. ಒಂದಕ್ಕೊಂದು ಹಲ್ಲು ಕೂಡಿಸುವ, 1 ಮೀಟರ್ ಚೌಕದ ಫೋಮ್ ಮ್ಯಾಟ್ ಸಿಗುತ್ತವೆ. ಗುದ್ದು, ಒದೆತಕ್ಕೆ 20ರಿಂದ 25 ಮಿ.ಮೀ. ದಪ್ಪ ಸಾಕು, ಎತ್ತಿ ಕೆಡವುವ ಪಟ್ಟುಗಳಿದ್ದರೆ 40 ಮಿ.ಮೀ. ಕ್ಲಾಸ್ ಶುರುವಿಗೆ ಮುಂಚೆ ಒಬ್ಬರು ಕೂಡುಗೀಟುಗಳನ್ನೆಲ್ಲ ತುಳಿದು ನೋಡಿ. ಬಾಯಿಬಿಟ್ಟ ಸಂದಿಗೆ ಕಿರುಬೆರಳು ಸಿಕ್ಕರೆ ಮುರಿಯುತ್ತದೆ.

ಪ್ಯಾಡಿಗೆ ಗುದ್ದಿದಾಗ ಮಣಿಕಟ್ಟು ಉಳುಕಿದಂಗಾಗ್ತದ. ಜೋರಾಗಿ ಗುದ್ದಿದಷ್ಟೂ ಜಾಸ್ತಿ.
– ವಿದ್ಯಾರ್ಥಿ, ಬಸವಕಲ್ಯಾಣ

ಜೋರು ಬಿಡಿ, ಮೊದಲು ಮುಷ್ಟಿ ನೋಡಿ. ಅಂಗೈ ಬಿಚ್ಚಿ ಹಿಡಿದು, ನಾಲ್ಕೂ ಬೆರಳ ತುದಿಗಳನ್ನು ಬೆರಳಿನ ಬುಡಕ್ಕೇ ಮಡಚಿ. ಆಮೇಲೆ ಇನ್ನೊಮ್ಮೆ ಅಂಗೈಯೊಳಕ್ಕೆ ಸುತ್ತಿ. ಹೆಬ್ಬೆರಳು ಹೊರಗಿನಿಂದ ಬಂದು ತೋರುಬೆರಳು, ನಡುಬೆರಳುಗಳ ಮೇಲೆ ಅಡ್ಡ ಕೂರಬೇಕು. ಹೆಬ್ಬೆರಳು ಒಳಗೆ ಸಿಕ್ಕರೆ ಒಂದೇ ಗುದ್ದಿಗೆ ಅದರ ಬುಡ ಹೋಗುತ್ತದೆ. ಪಕ್ಕಕ್ಕೆ ಚಾಚಿದ್ದರೆ ಎದುರಾಳಿಯ ತೋಳಿಗೆ ತಗುಲಿ ತಿರುಚುತ್ತದೆ.

ಪ್ಯಾಡಿಗೆ ತಾಗಬೇಕಾದದ್ದು ತೋರುಬೆರಳು, ನಡುಬೆರಳುಗಳ ಗೆಣ್ಣು ಮಾತ್ರ. ಈ ಎರಡು ಗೆಣ್ಣು ಮುಂಗೈ ಎಲುಬಿನ ನೇರಕ್ಕಿವೆ, ಬಲ ಸೀದಾ ಮೊಣಕೈಗೆ ಹೋಗುತ್ತದೆ. ಉಂಗುರ ಬೆರಳು, ಕಿರುಬೆರಳಿನ ಕಡೆ ತಾಗಿದರೆ ಕೈ ಹೊರಕ್ಕೆ ಮಡಚುತ್ತದೆ. ನಿಮ್ಮ ನೋವು ಬಹುಮಟ್ಟಿಗೆ ಅಲ್ಲಿಂದಲೇ. ಮುಂಗೈ ಮೇಲೆ ಒಂದು ಅಡಿಪಟ್ಟಿ ಇಟ್ಟು ಮುಷ್ಟಿ ಕಟ್ಟಿ. ಪಟ್ಟಿ ಮಣಿಕಟ್ಟಿನಲ್ಲಿ ಎದ್ದು ಕಂಡರೆ ಮಣಿಕಟ್ಟು ಬಾಗಿದೆ. ದಿನಾ ಗೋಡೆಗೆ ಆ ಎರಡು ಗೆಣ್ಣು ಊರಿ, ಮೈಭಾರ ಮೆಲ್ಲಗೆ ಬಿಟ್ಟು 20 ಸೆಕೆಂಡ್ ನಿಲ್ಲಿ, ಕೈಗೆ ಐದು ಸಲ. ಮಣಿಕಟ್ಟು ಅಲುಗದೆ ನಿಂತ ಮೇಲೆ ಪ್ಯಾಡಿಗೆ ಅರ್ಧ ಬಲದಲ್ಲಿ ಗುದ್ದಿ. ಇನ್ನೊಂದು ಮಾತು: ಮುಷ್ಟಿಯನ್ನು ಮೊದಲಿನಿಂದಲೂ ಬಿಗಿ ಹಿಡಿದರೆ ಹೆಗಲು ಏರಿ ವೇಗ ಸಾಯುತ್ತದೆ. ತಾಗುವ ಗಳಿಗೆಯಲ್ಲಷ್ಟೇ ಬಿಗಿ.

ಬೇಸಿಗೆ ಶಿಬಿರ ಸಂಜೆ 4ಕ್ಕೆ ಇಟ್ಟಾರೆ. ಕಳಿಸಬಹುದೇ?
– ಪೋಷಕರು, ಯಾದಗಿರಿ

ಏಪ್ರಿಲ್, ಮೇ ತಿಂಗಳಲ್ಲಿ ಬೇಡ. ನಮ್ಮ ಕಡೆ 40 ಡಿಗ್ರಿ ದಾಟಿದ ಬಿಸಿಲು 4 ಗಂಟೆಗೆ ಇಳಿದಿರುವುದಿಲ್ಲ, ತಗಡಿನ ಶೆಡ್ ಇದ್ದರಂತೂ ಒಳಗೇ ಹೆಚ್ಚು ಕಾವು. ಬೆಳಗಿನ 5.30ರಿಂದ 7 ಸರಿಯಾದ ಹೊತ್ತು. ಪೋಷಕರು ನಾಲ್ಕು ಜನ ಸೇರಿ ಕೇಳಿದರೆ ಹೊತ್ತು ಬದಲಿಸದ ಸರ್ ಕಡಿಮೆ. ಕ್ಲಾಸಿನಲ್ಲಿ ಪ್ರತಿ 15–20 ನಿಮಿಷಕ್ಕೊಮ್ಮೆ ಅರ್ಧ ಲೋಟ ನೀರು ಕುಡಿಯಲು ಬಿಡಬೇಕು. 'ನೀರು ಕುಡಿದರೆ ದಮ್ಮು ಹೋಗ್ತದ' ಎನ್ನುವ ಕ್ಲಾಸಿಗೆ ಯಾವ ತಿಂಗಳಲ್ಲೂ ಕಳಿಸಬೇಡಿ. ಜಾಸ್ತಿ ಬೆವತ ದಿನ ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕೊಡಿ, ಇಲ್ಲವೇ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕ್ಲಾಸ್ ಶುರುವಾಗುವ ಹೊತ್ತಿಗೆ ರೊಟ್ಟಿ ಊಟವಾಗಿ ಎರಡು ತಾಸಾದರೂ ಕಳೆದಿರಬೇಕು. ಬೆಳಗಿನ ಕ್ಲಾಸಿಗೆ ಒಂದು ಬಾಳೆಹಣ್ಣು ಸಾಕು, ಶೇಂಗಾ ಹಿಂಡಿ ರೊಟ್ಟಿ ಬಂದ ಮೇಲೆ.

ಮಗು ತಲೆ ಸುತ್ತಿ ವಾಂತಿ ಬಂದಂತೆ ಮಾಡಿದರೆ ನೆರಳಲ್ಲಿ ಮಲಗಿಸಿ ಕಾಲು ಎತ್ತರಿಸಿ. ಮೈ ಕಾದು ಮಾತು ತೊದಲುತ್ತಿದ್ದರೆ, ಕೇಳಿದ್ದಕ್ಕೆ ಏನೇನೋ ಹೇಳುತ್ತಿದ್ದರೆ ಪ್ರಾಣಕ್ಕೆ ಅಪಾಯ. 108ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಮೈತುಂಬ ನೀರು ಸುರಿದು ಗಾಳಿ ಹಾಕುತ್ತಲೇ ಇರಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮೂರು ತಿಂಗಳಿಗೊಮ್ಮೆ ಬೆಲ್ಟ್ ಪರೀಕ್ಷೆ, ಪ್ರತಿ ಸಲ ಫೀಸು. ಎರಡು ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಅಂತಾರೆ. ಮಗ ನಿಜವಾಗಿ ಕಲಿತಾನೋ ಇಲ್ಲೋ ನಮಗೆ ಹೆಂಗ ಗೊತ್ತಾಗಬೇಕು?
– ಒಬ್ಬ ತಂದೆ, ಹುಮನಾಬಾದ್

ಎರಡು ವರ್ಷಕ್ಕೆ ಶಾಲೆಯ ಮಗುವಿಗೆ ಬ್ಲ್ಯಾಕ್ ಬೆಲ್ಟ್ ಎಂದರೆ ನಂಬಬೇಡಿ. ತಪ್ಪದೆ ಹೋದರೂ ನಾಲ್ಕೈದು ವರ್ಷ ಬೇಕು. ಬಣ್ಣಗಳ ಸಾಲು ಒಂದೊಂದು ಶೈಲಿಗೆ ಒಂದೊಂದು ಥರ. ಬ್ರೌನ್ ಬೆಲ್ಟಿನಲ್ಲೇ ಸಾಮಾನ್ಯವಾಗಿ ಮೂರು ಮೆಟ್ಟಿಲು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಮಗ ಕಲಿಯುವುದು ಶೋಟೋಕಾನ್ ಶೈಲಿಯಾದರೆ ಅವನ ಮೊದಲ ದೊಡ್ಡ ಕಟಾ ಹೇಯಾನ್ ಶೋದಾನ್, 21 ಚಲನೆ. ಅಂಗಳದಲ್ಲಿ ಅವನು ನಿಂತ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಮಾಡು ಅನ್ನಿ. ಮುಗಿದಾಗ ಅದೇ ಗುರುತಿಗೆ ಬಂದು ನಿಲ್ಲಬೇಕು. ಅರ್ಧ ಹೆಜ್ಜೆ ಆಚೀಚೆ ಆದರೆ ಚಿಂತೆಯಿಲ್ಲ. ಎರಡು ಹೆಜ್ಜೆ ತಪ್ಪಿದರೆ ಅವನ ಹೆಜ್ಜೆಗಳ ಉದ್ದ ಒಂದೇ ಸಮ ಇಲ್ಲ: ದಣಿದಂತೆ ನಿಲುವು ಗಿಡ್ಡವಾಗುತ್ತ ಹೋಗುತ್ತಿದೆ. ಹೆಚ್ಚಿನ ಮಕ್ಕಳು ತಪ್ಪುವ ಜಾಗ 9ನೇ ಚಲನೆಯ ನಂತರ, ಕೂಗು ಹಾಕಿ ಮುಕ್ಕಾಲು ಸುತ್ತು ತಿರುಗುವಲ್ಲಿ. ಅಲ್ಲಿ ಬಲಗಾಲು ಊರಿಕೊಂಡು ಎಡಗಾಲು ಬೀಸಿ ಬರಬೇಕು. ಎಡಗಾಲು ಸಾಕಷ್ಟು ದೂರ ಹೋಗದಿದ್ದರೆ ಮುಂದಿನ ನಿಲುವು ಕತ್ತರಿಯಾಗಿ, ತಳ್ಳಿದರೆ ಬೀಳುತ್ತಾನೆ. ಇನ್ನು ಕೊನೆಯ ನಾಲ್ಕು ಚಲನೆಗಳಲ್ಲಿ ಮೈಭಾರದ ಶೇ. 70 ಪಾಲು ಹಿಂಗಾಲ ಮೇಲಿರಬೇಕು. 'ಮುಂಗಾಲು ಎತ್ತು' ಅನ್ನಿ. ಮೈ ಹಿಂದಕ್ಕೆ ವಾಲಿಸದೆ ಎತ್ತಿದರೆ ಸರಿಯಾಗಿ ಕಲಿತಿದ್ದಾನೆ. ಇಷ್ಟೂ ತಪ್ಪುತ್ತಿದ್ದರೂ ಮುಂದಿನ ಬೆಲ್ಟ್ ಕೊಟ್ಟಿದ್ದರೆ ಸರ್‌ಗೆ ಮರ್ಯಾದೆಯಿಂದಲೇ ಕೇಳಿ: ಇವನ ಪರೀಕ್ಷೆಯಲ್ಲಿ ಏನೇನು ನೋಡಿದಿರಿ? ಒಳ್ಳೆಯ ಗುರುಗಳು ಮಗುವಿನ ತಪ್ಪು ಬಿಡಿಸಿ ಹೇಳುತ್ತಾರೆ, ಬೇಕಾದರೆ ಪರೀಕ್ಷೆ ಮುಂದಕ್ಕೂ ಹಾಕುತ್ತಾರೆ.

ಮೂರು ತಿಂಗಳ ತರಬೇತಿಯಿಂದ ಆತ್ಮರಕ್ಷಣೆ ಸಾಧ್ಯವಾ?
– ಪಿಯುಸಿ ವಿದ್ಯಾರ್ಥಿನಿ, ಶಹಾಪುರ

ಹೊಡೆದಾಡಿ ಗೆಲ್ಲುವುದು ಆಗದು. ಬಿಡಿಸಿಕೊಂಡು ಓಡುವುದು ಖಂಡಿತ ಆಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ಸಮಗ್ರ ಶಿಕ್ಷಣದಡಿ ಹೆಣ್ಣುಮಕ್ಕಳಿಗೆ ಕೊಡುವ ತರಬೇತಿಯೂ ಮೂರೇ ತಿಂಗಳು. ಅದರಲ್ಲಿ ಹತ್ತಾರು ಪಟ್ಟು ಕಲಿಯುವ ಬದಲು ಎರಡು ಮೂರನ್ನೇ ನೂರಾರು ಸಲ ಮಾಡಿ.

ಮಣಿಕಟ್ಟು ಹಿಡಿದವರಿಂದ ಬಿಡಿಸಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಎಲ್ಲರೂ ಹಿಂದಕ್ಕೆ ಎಳೆಯುತ್ತಾರೆ, ಅದು ತಪ್ಪು. ಎಳೆದಷ್ಟೂ ನಾಲ್ಕು ಬೆರಳ ಬಲಕ್ಕೆ ಎದುರಾಗುತ್ತೀರಿ. ಹಿಡಿತ ಸಡಿಲ ಇರುವುದು ಅವನ ಹೆಬ್ಬೆರಳು ಮತ್ತು ಬೆರಳ ತುದಿ ಕೂಡುವಲ್ಲಿ. ನಿಮ್ಮ ಕೈಯನ್ನು ಹೊರಳಿಸಿ ಮುಂಗೈಯ ಕಿರಿದಾದ ಅಂಚನ್ನು ಆ ಸಂದಿಗೆ ತನ್ನಿ. ಒಂದು ಹೆಜ್ಜೆ ಅವನ ಕಡೆಗೇ ಇಟ್ಟು, ಮೊಣಕೈ ಮಡಚಿ ಅವನತ್ತ ತಳ್ಳುತ್ತ, ಮುಷ್ಟಿಯನ್ನು ನಿಮ್ಮ ಇನ್ನೊಂದು ಬದಿಯ ಹೆಗಲಿಗೆ ಝಾಡಿಸಿ. ಹೆಜ್ಜೆ ಮುಂದಿಡದಿದ್ದರೆ ಇದು ಕೆಲಸ ಮಾಡುವುದಿಲ್ಲ. ಅಭ್ಯಾಸದಲ್ಲಿ ಗೆಳತಿ ಸಡಿಲ ಹಿಡಿದು ಕನಿಕರ ತೋರಬಾರದು; ನಿಮಗಿಂತ ಬಲಶಾಲಿಗಳ ಕೈಯಲ್ಲಿ ಬಿಗಿಯಾಗಿ ಹಿಡಿಸಿಕೊಂಡು ನೋಡಿ. ಬಿಡುಗಡೆ, ಕೂಗು, ಓಟ ಮೂರನ್ನೂ ಒಟ್ಟಿಗೇ ರೂಢಿ ಮಾಡಿ. ಜನ ಇರುವ ಕಡೆ ಓಡಿ, 112ಕ್ಕೆ ಫೋನ್ ಮಾಡಿ.

ಕರಾಟೆ ಡ್ರೆಸ್ ಯಾವ ಅಳತೆ ತಗೋಬೇಕು?
– ತಾಯಿ, ಸೇಡಂ

ವಯಸ್ಸು ನೋಡಬೇಡಿ, ಎತ್ತರ ನೋಡಿ. ಸಾಮಾನ್ಯವಾಗಿ 0 ನಂಬರ್ ಅಂದರೆ 130 ಸೆಂ.ಮೀ., 1 ಅಂದರೆ 140, 2 ಅಂದರೆ 150, ಹೀಗೆ ಹತ್ತತ್ತು ಏರುತ್ತದೆ. ಬೆಳೆಯುವ ಮಕ್ಕಳಿಗೆ ಒಂದು ನಂಬರ್ ದೊಡ್ಡದಿರಲಿ, ಕಾಟನ್ ಆದರೆ ಮೊದಲ ಒಗೆತಕ್ಕೆ ಕುಗ್ಗುತ್ತದೆ ಕೂಡ. ಪ್ಯಾಂಟ್ ಹಿಮ್ಮಡಿಗೆ ತೊಡರಿದರೆ ಕತ್ತರಿಸಬೇಡಿ, ಒಳಕ್ಕೆ ಮಡಚಿ ಹೊಲಿಗೆ ಹಾಕಿಸಿ. ತಣ್ಣೀರಲ್ಲಿ ಒಗೆದು ಅದೇ ದಿನ ಒಣಹಾಕಿ. ಬೆವತ ಡ್ರೆಸ್ ಚೀಲದಲ್ಲೇ ಮರುದಿನದವರೆಗೆ ಉಳಿದರೆ ಕಂಕುಳ ಹತ್ತಿರ ಹಳದಿ ಕಲೆ ಕೂತು ಆಮೇಲೆ ಹೋಗುವುದಿಲ್ಲ.