ಬಲಗಡೆ ಒತ್ತಿದರೂ ಎಡ ಕ್ಲಿಕ್ಕೇ!

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪಯ್ಯನ ಅಡಿಕೆ ಲೆಕ್ಕ ಬರೆಯೋಕೆ ಅಂತ ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು ಲಿನಕ್ಸ್ ಹಾಕಿದೆ. ವಿಂಡೋಸ್ ಇದ್ದಾಗ ಟಚ್‌ಪ್ಯಾಡಿನ ಬಲ ಮೂಲೆ ಒತ್ತಿದರೆ ರೈಟ್ ಕ್ಲಿಕ್ ಆಗುತ್ತಿತ್ತು. ಈಗ ಎಲ್ಲಿ ಒತ್ತಿದರೂ ಲೆಫ್ಟ್ ಕ್ಲಿಕ್ಕೇ. ಪೇಟೆಯಲ್ಲಿ ತೋರಿಸಿದ್ದಕ್ಕೆ ಟಚ್‌ಪ್ಯಾಡೇ ಬದಲಿಸಬೇಕು ಅಂದರು. ಅಪ್ಪಯ್ಯ ವಾಪಸ್ ವಿಂಡೋಸ್ ಹಾಕು ಅಂತಿದ್ದಾರೆ. ಏನು ಮಾಡಲಿ?

ಉತ್ತರ: ದುಡ್ಡು ಕೊಡಬೇಡಿ, ಸ್ವಲ್ಪ ತಡೆಯಿರಿ. ಮೊದಲು ಒಂದು ಕೆಲಸ ಮಾಡಿ. ಟಚ್‌ಪ್ಯಾಡಿನ ಮೇಲೆ ಎರಡು ಬೆರಳು ಇಟ್ಟು ಒತ್ತಿ. ಮೆನು ಬಂತಾ? ಬಂದರೆ ನಿಮ್ಮ ಟಚ್‌ಪ್ಯಾಡ್‌ಗೆ ಏನೂ ಆಗಿಲ್ಲ.

ಬಟನ್ ಬೇರೆಯಾಗಿ ಕಾಣದ, ಇಡೀ ಪ್ಯಾಡೇ ಟಕ್ ಅಂತ ಕೆಳಗೆ ಹೋಗುವ ಲ್ಯಾಪ್‌ಟಾಪ್‌ಗಳಲ್ಲಿ ಎಡ ಬಲ ಅಂತ ಗೆರೆ ಎಳೆದಿದ್ದರೂ ಒಳಗೆ ಸಾಮಾನ್ಯವಾಗಿ ಇರುವುದು ಒಂದೇ ಸ್ವಿಚ್. ಅದಕ್ಕೆ ಗೊತ್ತಾಗುವುದು ಒತ್ತಿದ್ದು, ಬಿಟ್ಟಿದ್ದು, ಅಷ್ಟೇ. ಬೆರಳು ಎಲ್ಲಿತ್ತು, ಎಷ್ಟು ಬೆರಳಿತ್ತು ಅಂತ ನೋಡಿ ಇದು ಎಡ, ಇದು ಬಲ ಅಂತ ತೀರ್ಮಾನ ಮಾಡುವುದು ಸಾಫ್ಟ್‌ವೇರ್. ಲಿನಕ್ಸ್‌ನಲ್ಲಿ ಈಗ ಹೆಚ್ಚಾಗಿ ಈ ಕೆಲಸ ಲಿಬ್‌ಇನ್‌ಪುಟ್ ಅನ್ನುವುದರದ್ದು. ಅದಕ್ಕೆ ಎರಡು ದಾರಿ ಗೊತ್ತು: ಮೂಲೆ ನೋಡುವುದು, ಇಲ್ಲಾ ಬೆರಳು ಎಣಿಸುವುದು. ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್ 2018ರ 3.28 ಆವೃತ್ತಿಯಿಂದ ಬೆರಳು ಎಣಿಸುವ ದಾರಿ ಹಿಡಿಯಿತು. ಒಂದು ಬೆರಳಿಗೆ ಎಡ, ಎರಡಕ್ಕೆ ಬಲ, ಮೂರಕ್ಕೆ ನಡು ಕ್ಲಿಕ್. ಇದನ್ನು ಯಾರೂ ಹೇಳಿಕೊಡದೆ ಇದ್ದರೆ ಬಟನ್ ಕೆಟ್ಟಿದೆ ಅಂತಲೇ ಅನ್ನಿಸುತ್ತದೆ, ಅಲ್ವಾ?

ಅಪ್ಪಯ್ಯನಿಗೆ ಮೂಲೆಯೇ ರೂಢಿಯಾಗಿದ್ದರೆ ಹಾಗೇ ಮಾಡಿಕೊಡಿ, ಈ ವಯಸ್ಸಿನಲ್ಲಿ ಅವರ ಬೆರಳಿಗೆ ಹೊಸ ಪಾಠ ಬೇಡ. ಉಬುಂಟು 24.04 ಆವೃತ್ತಿ ಅಥವಾ ಅದಕ್ಕಿಂತ ಹೊಸದು ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಮೌಸ್ ಮತ್ತು ಟಚ್‌ಪ್ಯಾಡ್ ತೆರೆದು, ಟಚ್‌ಪ್ಯಾಡ್ ಭಾಗದಲ್ಲಿ ಸೆಕೆಂಡರಿ ಕ್ಲಿಕ್ ಅನ್ನುವಲ್ಲಿ ಕಾರ್ನರ್ ಪುಶ್ ಆರಿಸಿ. ಅದಕ್ಕಿಂತ ಹಳೆಯದಾದರೆ ಟ್ವೀಕ್ಸ್ ಅನ್ನುವ ಆ್ಯಪ್ ಹಾಕಿಕೊಂಡು ಮೌಸ್ ಕ್ಲಿಕ್ ಎಮ್ಯುಲೇಷನ್ ಅನ್ನು ಏರಿಯಾ ಮಾಡಿ. ರೀಸ್ಟಾರ್ಟ್ ಕೂಡ ಬೇಡ.

ಆದರೆ ಹೀಗೆ ಮಾಡಿದ ಮೇಲೆ ಒಂದು ಕಾಟ ಶುರುವಾಗಬಹುದು. ಎಡ ಮತ್ತು ಬಲದ ನಡುವೆ ಸಣ್ಣದೊಂದು ಪಟ್ಟಿ ನಡು ಕ್ಲಿಕ್‌ಗೆ ಮೀಸಲು. ಲಿನಕ್ಸ್‌ನಲ್ಲಿ ಅಕ್ಷರಗಳನ್ನು ಸೆಲೆಕ್ಟ್ ಮಾಡಿದರೆ ಸಾಕು, ಕಾಪಿ ಆದ ಹಾಗೆಯೇ, ನಡು ಕ್ಲಿಕ್ ಮಾಡಿದಲ್ಲಿ ಅದು ಬಂದು ಕೂರುತ್ತದೆ. ರಾಶಿ ಅಡಿಕೆಯ ದರ ಇರಬೇಕಾದ ಕಡೆ ಯಾವುದೋ ವ್ಯಾಪಾರಿಯ ಹೆಸರು ಬಂದರೆ ಲೆಕ್ಕವೇ ಕೆಡುತ್ತದೆ. ಹಾಗಾಗಿ ಇದನ್ನೂ ಈಗಲೇ ನಿಲ್ಲಿಸಿ. ಲೆಕ್ಕ ಬರೆಯುವ ಆ್ಯಪ್ ಆದ ಲಿಬ್ರೆಆಫೀಸ್‌ನಲ್ಲಿ ಟೂಲ್ಸ್, ಆಪ್ಷನ್ಸ್, ವ್ಯೂ ಒಳಗೆ ಮಿಡಲ್ ಬಟನ್ ಅಂತ ಇದೆ, ಅದನ್ನು ನೋ ಫಂಕ್ಷನ್ ಮಾಡಿ. ಟ್ವೀಕ್ಸ್‌ನಲ್ಲೂ ಮಿಡಲ್ ಕ್ಲಿಕ್ ಪೇಸ್ಟ್ ಆಫ್ ಮಾಡಿಬಿಡಿ.

ಇಷ್ಟಾದರೂ ಸರಿಯಾಗದಿದ್ದರೆ ಸ್ವಿಚ್ಚನ್ನೇ ಕೇಳಿ ನೋಡಬೇಕು. ಲಿಬ್‌ಇನ್‌ಪುಟ್-ಟೂಲ್ಸ್ ಪ್ಯಾಕೇಜ್ ಹಾಕಿ, ಕಮಾಂಡ್ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಸುಡೋ ಲಿಬ್‌ಇನ್‌ಪುಟ್ ಡೀಬಗ್-ಈವೆಂಟ್ಸ್ ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಕೊಡಿ. ಪ್ರತಿ ಸಲ ಒತ್ತಿದಾಗ ಪ್ರೆಸ್ಡ್ ಅಂತ ಒಂದು ಸಾಲು, ಬಿಟ್ಟಾಗ ರಿಲೀಸ್ಡ್ ಅಂತ ಇನ್ನೊಂದು ಬರಬೇಕು. ಎಡವೋ ಬಲವೋ ಅನ್ನುವುದೂ ಅದೇ ಸಾಲಿನಲ್ಲಿ ಇರುತ್ತದೆ. ಈ ಕಮಾಂಡ್ ಡೆಸ್ಕ್‌ಟಾಪ್ ಸೆಟ್ಟಿಂಗನ್ನು ನೋಡುವುದೇ ಇಲ್ಲ, ಅದು ಬಹಳ ಉಪಯೋಗದ ವಿಷಯ. ಇಲ್ಲಿ ರೈಟ್ ಅಂತ ಬಂದು ಡೆಸ್ಕ್‌ಟಾಪ್‌ನಲ್ಲಿ ಎಡ ಕ್ಲಿಕ್ ಆಗುತ್ತಿದ್ದರೆ ತಪ್ಪು ಸೆಟ್ಟಿಂಗಿನದು. ಎಷ್ಟು ಒತ್ತಿದರೂ ಪ್ರೆಸ್ಡ್ ಸಾಲೇ ಬರದಿದ್ದರೆ ಆಗ ಸ್ವಿಚ್ಚೋ ಕೇಬಲ್ಲೋ ನೋಡಬೇಕು, ಆಗ ಅಂಗಡಿಗೆ ಹೋಗಿ.

ಪ್ರಶ್ನೆ: ನಾವಿರುವುದು ಕಾರವಾರದಲ್ಲಿ. ಮಳೆಗಾಲ ಶುರುವಾದ ಮೇಲೆ ಲೆಫ್ಟ್ ಬಟನ್ ಒತ್ತಿಕೊಂಡೇ ಇರುವ ಹಾಗೆ ಆಗುತ್ತಿದೆ. ಬಾಣ ಸರಿಸಿದರೆ ಫೈಲೆಲ್ಲ ಎಳೆದುಕೊಂಡು ಬರುತ್ತದೆ. ಲಿನಕ್ಸ್ ಅಪ್‌ಡೇಟ್‌ನಿಂದ ಆಗಿದ್ದು ಅಂತ ಎರಡು ಸಲ ಹೊಸದಾಗಿ ಹಾಕಿದೆ. ಏನೂ ಪ್ರಯೋಜನ ಇಲ್ಲ.

ಉತ್ತರ: ದಯವಿಟ್ಟು ಮೂರನೇ ಸಲ ಹಾಕಬೇಡಿ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆಯಿರಿ, ಒಂದು ಎಟಿಎಂ ಕಾರ್ಡನ್ನು ಅಂಚು ಕೆಳಗಾಗಿ ಟಚ್‌ಪ್ಯಾಡಿನ ಮೇಲೆ ಅಡ್ಡಡ್ಡ ನಿಲ್ಲಿಸಿ ನೋಡಿ. ಕಾರ್ಡಿನ ಕೆಳಗೆ ಒಂದು ಬದಿಯಲ್ಲಿ ಬೆಳಕು ಕಂಡರೆ ಪ್ಯಾಡ್ ಉಬ್ಬಿದೆ ಅಂತ ಅರ್ಥ. ಮೇಜಿನ ಮೇಲಿಟ್ಟಾಗ ಅಲ್ಲಾಡುತ್ತದಾ ಅಂತಲೂ ನೋಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಹಳೇ ಲ್ಯಾಪ್‌ಟಾಪ್‌ಗೂ ಹೀಗೇ ಆಗಿತ್ತು. ಥಂಡಿ ಹವೆಗೆ ಬಟನ್ ಹಿಡಿದಿದೆ ಅಂದುಕೊಂಡು ಹದಿನೈದು ದಿನ ಸೆಟ್ಟಿಂಗ್ ತಿರುವಿದೆ, ಡ್ರೈವರ್ ಬದಲಿಸಿದೆ. ಕೊನೆಗೆ ಕೆಳಗಿನ ಮುಚ್ಚಳ ಬಿಚ್ಚಿದರೆ ಬ್ಯಾಟರಿ ದಿಂಬಿನ ಹಾಗೆ ಊದಿ ಟಚ್‌ಪ್ಯಾಡನ್ನು ಕೆಳಗಿನಿಂದ ತಳ್ಳುತ್ತಿತ್ತು. ಹದಿನೈದು ದಿನವೂ ಅದನ್ನು ಚಾರ್ಜ್‌ಗೆ ಹಾಕಿಯೇ ಮಲಗಿದ್ದೆ, ಈಗಲೂ ನೆನೆದರೆ ಭಯವಾಗುತ್ತದೆ. ಲಿಥಿಯಂ ಬ್ಯಾಟರಿ ಹಳತಾದಾಗ ಒಳಗೆ ಗ್ಯಾಸ್ ತುಂಬಿ ಹೀಗೆ ಊದಬಹುದು. ಅಂಥದ್ದು ಕಂಡರೆ ಚಾರ್ಜ್ ಮಾಡಲೇಬೇಡಿ, ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ರಿಪೇರಿಯವರ ಕೈಯಲ್ಲೇ ತೆಗೆಸಿ, ಇ-ತ್ಯಾಜ್ಯಕ್ಕೆ ಕೊಡಿ. ಬ್ಯಾಟರಿ ಬದಲಾದರೆ ಬಟನ್ ಹೆಚ್ಚಾಗಿ ತಾನೇ ಸರಿಹೋಗುತ್ತದೆ.

ಪ್ಯಾಡ್ ಉಬ್ಬಿಲ್ಲ, ಸಪಾಟಾಗಿಯೇ ಇದೆ ಅಂದರೆ ಆಗ ಸಮುದ್ರದ ಉಪ್ಪುಗಾಳಿ, ಥಂಡಿಯ ಮೇಲೆ ಅನುಮಾನ ಪಡಬಹುದು. ಬಿಚ್ಚಿಸಿ ಸ್ವಿಚ್ ಕ್ಲೀನ್ ಮಾಡಿಸಿ. ಅಲ್ಲಿಯವರೆಗೆ ಯುಎಸ್‌ಬಿ ಮೌಸ್ ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಟಚ್‌ಪ್ಯಾಡ್ ಆಫ್ ಮಾಡಿ ಕೆಲಸ ನಡೆಸಿ.

ಪ್ರಶ್ನೆ: ಹೊನ್ನಾವರದಿಂದ. ಚಾರ್ಜರ್ ಹಾಕಿದಾಗ ಮಾತ್ರ ಬಾಣ ಕುಣಿಯುತ್ತದೆ, ಮುಟ್ಟದೇ ಕ್ಲಿಕ್ ಆಗುತ್ತದೆ. ಡ್ರೈವರ್ ಬದಲಿಸಲಾ?

ಉತ್ತರ: ಬೇಡ. ಚಾರ್ಜರ್ ತೆಗೆದಾಗ ಸರಿ ಇದೆ ಅಂದಮೇಲೆ ಡ್ರೈವರ್ ಪಾಪ ಏನು ಮಾಡೀತು. ಲ್ಯಾಪ್‌ಟಾಪಿನ ಲೋಹದ ಭಾಗ ಸವರಿದಾಗ ಕೈ ಜುಮ್ಮೆನ್ನುತ್ತದಾ? ಹಾಗಿದ್ದರೆ ಹೆಚ್ಚಾಗಿ ಅರ್ಥಿಂಗ್ ಸರಿ ಇರುವುದಿಲ್ಲ. ಟಚ್‌ಪ್ಯಾಡ್ ಬೆರಳಿನಿಂದಾಗುವ ತೀರಾ ಸಣ್ಣ ವಿದ್ಯುತ್ ಬದಲಾವಣೆಯನ್ನು ಅಳೆಯುತ್ತದೆ, ಚಾರ್ಜರ್‌ನಿಂದ ಬರುವ ಗಲಾಟೆಯನ್ನೂ ಬೆರಳು ಅಂದುಕೊಳ್ಳುತ್ತದೆ. ಮೂರು ಪಿನ್ನಿನ ಚಾರ್ಜರ್‌ಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ್ದರೆ ಇವತ್ತೇ ತೆಗೆಯಿರಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ, ನಾಲ್ಕು ಕೊಡ ನೀರು ಹಾಕಿ ನೋಡಿ. ಆಗಲೂ ಜುಮ್ಮೆಂದರೆ ವೈರಿಂಗ್ ಮಾಡುವವರನ್ನು ಕರೆಸಿ, ಬರೀ ಲ್ಯಾಪ್‌ಟಾಪಿಗಾಗಿ ಅಲ್ಲ, ಮನೆಯಲ್ಲಿ ಗೀಸರ್, ಪಂಪು ಎಲ್ಲ ಇರುತ್ತದೆ.